ದಕ್ಕೆಯ ಸಿಗಡಿಯಲ್ಲಿ ಜಪಾನಿನ ಡೊನ್‌ಬುರಿ

ಇಲ್ಲಿ ಜಪಾನಿನಲ್ಲಿ ಗಡಿಬಿಡಿಯ ಮಧ್ಯಾಹ್ನಕ್ಕೆ ಡೊನ್‌ಬುರಿ ಇದ್ದರೆ ಸಾಕು: ಆಳದ ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಮೀನೋ ಮಾಂಸವೋ, ಅದಕ್ಕೆ ಸಿಹಿ-ಉಪ್ಪಿನ ಸಾಸ್. ಮಂಗಳೂರು, ಉಡುಪಿ ಕಡೆಯವರು ಮೊದಲು ಕೇಳುವುದು ಸಾಸಿನ ಅಳತೆ. ಆದರೆ ಬಟ್ಟಲು ಕೆಡುವುದು ಹೆಚ್ಚಾಗಿ ಅನ್ನದಲ್ಲಿ.

ಕುಚ್ಚಲಕ್ಕಿ ಇದಕ್ಕೆ ಆಗದು. ಅಗುಳು ಬಿಡಿಬಿಡಿಯಾಗಿ ನಿಂತು ಸಾಸೆಲ್ಲ ತಳಕ್ಕಿಳಿಯುತ್ತದೆ. ಬಾಸ್ಮತಿಯದೂ ಅದೇ ಕತೆ. ಜಪಾನಿನ ಗಿಡ್ಡ ಅಕ್ಕಿ ಸಿಗದಿದ್ದರೆ ಸೋನಾ ಮಸೂರಿ ತನ್ನಿ, ಅದೂ ಹೊಸ ಅಕ್ಕಿ. ಅನ್ನ ಮುದ್ದೆಯಾಗುತ್ತದೆಂದು ಹೊಸ ಅಕ್ಕಿಯನ್ನು ದೂರುತ್ತೇವಲ್ಲ, ಇಲ್ಲಿ ಬೇಕಾದದ್ದು ಆ ಗುಣವೇ. ಇಬ್ಬರಿಗೆ ಒಂದು ಕಪ್ ಅಕ್ಕಿ. ಮೂರು ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ನೀರು ಸೋಸಿ, ಒಂದೂಮುಕ್ಕಾಲು ಕಪ್ ಹೊಸ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಜಪಾನಿನ ಅಕ್ಕಿಯಾದರೆ ಒಂದಕ್ಕೆ ಒಂದೂಕಾಲು ಕಪ್‌ಗಿಂತ ತುಸು ಕಡಿಮೆ ನೀರು ಸಾಕು. ತಿಳಿ ಬಸಿಯಬೇಡಿ, ಅಂಟು ಅದರೊಟ್ಟಿಗೇ ಹೋಗುತ್ತದೆ. ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಿ.

ಸಾಸಿಗೆ ಮೂರು ದೊಡ್ಡ ಚಮಚ ಸೋಯಾ ಸಾಸ್, ಮೂರು ಚಮಚ ನೀರು, ಒಂದೂವರೆ ಚಮಚ ಸಕ್ಕರೆ, ಒಂದು ಟೀ ಚಮಚ ಶುಂಠಿ ರಸ. ಇಲ್ಲಿ ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯ ಹಾಕುತ್ತಾರೆ; ಅದಿಲ್ಲದಿದ್ದರೆ ಒಂದು ಟೀ ಚಮಚ ವಿನೆಗರ್ ಸಾಕು. ಗೋಬಿ ಮಂಚೂರಿಗೆ ತರುವ ಡಾರ್ಕ್ ಸೋಯಾ ಬೇಡ, ಬಣ್ಣ ಕಪ್ಪಾಗುತ್ತದೆ. ಲೈಟ್ ಎಂದು ಬರೆದದ್ದನ್ನೇ ನೋಡಿ ತನ್ನಿ. ಸಣ್ಣ ಉರಿಯಲ್ಲಿ ಕುದಿಸಿ, ಗುಳ್ಳೆಗಳು ದೊಡ್ಡದಾಗಿ ಚಮಚಕ್ಕೆ ತೆಳುವಾಗಿ ಅಂಟುತ್ತಲೇ ಇಳಿಸಿ. ಬಾಣಲೆಯಲ್ಲೇ ದಪ್ಪವಾಗಲಿ ಎಂದು ಕಾದರೆ ಆರಿದಾಗ ಪಾಕವಾಗಿ ಗಟ್ಟಿಯಾಗುತ್ತದೆ, ಉಪ್ಪೂ ಏರುತ್ತದೆ. ಅನ್ನಕ್ಕಾಗಲಿ ಮೀನಿಗಾಗಲಿ ಬೇರೆ ಉಪ್ಪು ಹಾಕುವುದು ಬೇಡ.

ಮೀನಿನ ವಿಷಯಕ್ಕೆ ಬಂದರೆ ನೀವೇ ಪುಣ್ಯವಂತರು. ಸುಲಿದ ಸಿಗಡಿ 250 ಗ್ರಾಂ, ಬೊಂಡಾಸ್ (ಸ್ಕ್ವಿಡ್) 150 ಗ್ರಾಂ. ಸಿಗಡಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಸವರಿ ಹದಿನೈದು ನಿಮಿಷ ಇಟ್ಟು, ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕಚ್ಚಿದರೆ ಗರಿಮುರಿ ಎನ್ನದಿದ್ದರೂ ಒಳಗೆ ಬಿಗಿಯಾಗಿರುತ್ತದೆ. ಒರೆಸುವುದನ್ನು ಮರೆತರೆ, ಅಥವಾ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ, ಹುರಿಯುವ ಬದಲು ನೀರುಬಿಟ್ಟು ಬೇಯುತ್ತದೆ. ಎರಡು ಕಂತಿನಲ್ಲಿ, ಜೋರು ಉರಿಯಲ್ಲಿ, ಒಂದೊಂದು ಬದಿಗೆ ಒಂದು ನಿಮಿಷ. ಸಿಗಡಿ ಅರ್ಧಚಂದ್ರದಂತೆ ಬಾಗಿದಾಗ ತೆಗೆಯಿರಿ. ಸುತ್ತಿ ಉಂಗುರವಾದರೆ ಹೆಚ್ಚು ಬೆಂದಿದೆ. ಬೊಂಡಾಸಿಗೆ ಒಂದೂವರೆ ನಿಮಿಷ, ಅಷ್ಟೆ. ಅದು ದಾಟಿದರೆ ಮೆತ್ತಗಾಗಲು ಮತ್ತೆ ಮುಕ್ಕಾಲು ಗಂಟೆ ಬೇಯಬೇಕು. ತೆಂಗಿನೆಣ್ಣೆ ಬೇಡ (ಬೈಯಬೇಡಿ), ಸಾಸಿನ ಪರಿಮಳ ಅಡಗಿಬಿಡುತ್ತದೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಫ್ರೋಜನ್ ಸಿಗಡಿ ಆಗುತ್ತದೆ, ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿದರೆ ಆಯಿತು.

ಒಂದು ಎಚ್ಚರಿಕೆ. ಇಲ್ಲಿ ಹಸಿ ಮೀನಿನ ಬಟ್ಟಲನ್ನು ಕಂಡು ಊರಿನ ಅಂಜಲನ್ನು ಹಾಗೇ ತುಂಡರಿಸಿ ಹಾಕಬೇಡಿ. ಹಸಿ ತಿನ್ನುವ ಮೀನನ್ನು ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕೆಂಬುದು ರೂಢಿಯ ನಿಯಮ, ಮನೆಯ ಫ್ರೀಜರಿಗೆ ಅದು ಕಷ್ಟ. ತಾಜಾ ಎಂದ ಮಾತ್ರಕ್ಕೆ ಹುಳು ಇಲ್ಲವೆಂದಲ್ಲ.

ಅನ್ನದ ಮೇಲೆ ಮೊದಲು ಒಂದು ಚಮಚ ಸಾಸ್, ಆಮೇಲೆ ಮೀನು, ಮತ್ತೆ ಸಾಸ್. ಪಕ್ಕಕ್ಕೆ ಮುಳ್ಳುಸೌತೆಯ ತೆಳು ಬಿಲ್ಲೆ: ಚಿಟಿಕೆ ಉಪ್ಪಿನಲ್ಲಿ ಹತ್ತು ನಿಮಿಷ ಇಟ್ಟು ಹಿಂಡಿ, ವಿನೆಗರ್, ಸಕ್ಕರೆ ಬೆರೆಸಿದ್ದು. ಹುರಿದ ಬಿಳಿ ಎಳ್ಳನ್ನು ಕೈಯಲ್ಲೇ ಉಜ್ಜಿ ಉದುರಿಸಿ. ಸಾಸ್ ಉಳಿದರೆ ಫ್ರಿಜ್ಜಿನಲ್ಲಿ ವಾರ ಇರುತ್ತದೆ. ಬೊಂಡಾಸ್ ಉಳಿದರೆ ಮಾತ್ರ ಬಿಸಿಮಾಡದೆ ತಣ್ಣಗೇ ಮರುದಿನ ಸಲಾಡಿಗೆ ಹಾಕಿ.