ಸಪೋರ್ಟ್ ಆಡುವವರ ಕೈಯಲ್ಲಿ ವಿಷದ ಸೀಸೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಡಿ ಅಂಡ್ ಡಿ, ಮೇಜಿನ ಸುತ್ತ ಕೂತು ಡೈಸ್ ಹಾಕಿ ಪಾತ್ರ ಆಡುವ ಕತೆಯ ಆಟ. ಅದರಲ್ಲಿ ವಿಷಕ್ಕೆ ದುಡ್ಡು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಭಾನುವಾರ ಮಂಗಳೂರಿನ ಬಿಜೈಯಲ್ಲಿ ಸೇರುವ ನಮ್ಮ ಗ್ಯಾಂಗಿನಲ್ಲೂ ಅದೇ ಮಾತು. ನಾನು ಪೂರ್ತಿ ಒಪ್ಪುವುದಿಲ್ಲ. ಹೊಡೆತದ ಲೆಕ್ಕ ಹಾಕಿದರೆ ವಿಷ ದಂಡವೇ. ಆದರೆ ನನ್ನ ಹಾಗೆ ಬಾರ್ಡ್ (ಹಾಡುಗಾರ), ಕ್ಲೆರಿಕ್ (ಪೂಜಾರಿ) ಅಂತ ಹಿಂದೆ ನಿಂತು ಬೇರೆಯವರನ್ನು ಬದುಕಿಸುವ ಕೆಲಸ ಮಾಡುವವರಿಗೆ ಹೊಡೆತದ ಲೆಕ್ಕ ಎಂತಕ್ಕೆ? ನಮಗೆ ಬೇಕಾದ್ದು ಎದುರಾಳಿಯ ಹೊಡೆತ ತಪ್ಪುವುದು. ಅದಕ್ಕೆ ವಿಷ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸರಿಯಾದ ವಿಷ ತಗೊಂಡರೆ.

ಮೊದಲು ತಪ್ಪು ವಿಷದ ಬಗ್ಗೆ ಹೇಳಿ ಮುಗಿಸುತ್ತೇನೆ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಬೇಸಿಕ್ ಪಾಯ್ಸನ್ ಅಂತ ಒಂದು ಸೀಸೆ ಉಂಟು, ಬೆಲೆ 100 ಗೋಲ್ಡ್ (ಆಟದ ಚಿನ್ನದ ನಾಣ್ಯ). ಕತ್ತಿಗೆ ಹಚ್ಚಲಿಕ್ಕೆ ಒಂದು ಇಡೀ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸವೇ, ಹೋಗುತ್ತದೆ, ಒಂದು ನಿಮಿಷದಲ್ಲಿ ಒಣಗುತ್ತದೆ, ತಗುಲಿದವನು ಡಿಸಿ 10ರ ಕಾನ್ ಸೇವ್ (20 ಮುಖದ ಡೈಸ್, ಅಂದರೆ ಡಿ20, ಹಾಕಿ ದೇಹದ ತಾಳಿಕೆಯ ಅಂಕವಾದ ಕಾನ್ ಸೇರಿಸಿದಾಗ ಡಿಸಿಯಷ್ಟಾದರೂ ಆಗಬೇಕು) ತಪ್ಪಿದರೆ ಒಂದು ಡಿ4, ಅಂದರೆ ನಾಲ್ಕು ಮುಖದ ಡೈಸಿನಷ್ಟು, ಹೊಡೆತ. ಓಗರ್‌ಗೆ ಕಾನ್ +3. ಡಿ20ಯಲ್ಲಿ 7 ಬಿದ್ದರೆ ಸಾಕು, ಅವನು ಪಾಸ್. ಅಂದರೆ ನೂರಕ್ಕೆ 70 ಸಲ ಏನೂ ಆಗುವುದಿಲ್ಲ, ಆದಾಗಲೂ ಸರಾಸರಿ ಎರಡೂವರೆ ಎಚ್‌ಪಿ (ಜೀವದ ಅಂಕ). ಗುಣಿಸಿ ನೋಡಿ, 100 ಗೋಲ್ಡ್ ಕೊಟ್ಟು ತಾಗಿದ ಪೆಟ್ಟಿಗೆ ಮುಕ್ಕಾಲು ಎಚ್‌ಪಿ! ಅದೇ ದುಡ್ಡಿಗೆ ಎರಡು ಹೀಲಿಂಗ್ ಪೋಶನ್ ಬರುತ್ತದೆ, ಒಂದೊಂದಕ್ಕೆ ಸರಾಸರಿ 7 ಎಚ್‌ಪಿ. 2024ರ ಹೊಸ ನಿಯಮದಲ್ಲಿ ಸೇವ್ ತೆಗೆದಿದ್ದಾರೆ, ಹಚ್ಚುವುದನ್ನು ಬೋನಸ್ ಆಕ್ಷನ್ (ಸರದಿಯಲ್ಲಿ ಜೊತೆಗೆ ಮಾಡುವ ಚಿಕ್ಕ ಕೆಲಸ) ಮಾಡಿದ್ದಾರೆ. ಸ್ವಲ್ಪ ಸುಧಾರಿಸಿದೆ ಅಷ್ಟೇ. ಆಗಲೂ ಅದು ಡಿ4. ಈ ಸೀಸೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಾವು ನೋಡಬೇಕಾದ್ದು ಪಾಯ್ಸನ್ಡ್ ಅನ್ನುವ ಕಂಡಿಶನ್ ಅನ್ನು. ಅದು ಹತ್ತಿದವನಿಗೆ ಅಟ್ಯಾಕ್ ರೋಲ್ (ಹೊಡೆತ ತಾಗಿತೋ ಅಂತ ನೋಡುವ ಡೈಸ್) ಮತ್ತು ಎಬಿಲಿಟಿ ಚೆಕ್ (ಬೇರೆ ಕೆಲಸ ಆಯಿತೋ ಅಂತ ನೋಡುವ ಡೈಸ್) ಎರಡಕ್ಕೂ ಡಿಸ್‌ಅಡ್ವಾಂಟೇಜ್, ಎರಡು ಡೈಸ್ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಅದೇ ಓಗರ್ ನಮ್ಮ ಫೈಟರ್‌ಗೆ ಹೊಡೆಯುತ್ತಿದ್ದಾನೆ ಅಂದುಕೊಳ್ಳಿ. ಫೈಟರ್ ಎಸಿ (ತಾಗಲಿಕ್ಕೆ ಬೇಕಾದ ಅಂಕ) 18, ಓಗರ್‌ಗೆ +6, ಅಂದರೆ 12 ಅಥವಾ ಹೆಚ್ಚು ಬೀಳಬೇಕು. 45 ಶೇಕಡಾ ಸಲ ತಾಗುತ್ತದೆ. ಪಾಯ್ಸನ್ಡ್ ಆದರೆ ಅದು ಸುಮಾರು 20 ಶೇಕಡಾಕ್ಕೆ ಇಳಿಯುತ್ತದೆ. ಆ ದೊಣ್ಣೆ ಒಂದು ಸಲ ತಾಗಿದರೆ ಸರಾಸರಿ 13 ಎಚ್‌ಪಿ ಹೋಗುತ್ತದೆ. ಸಣ್ಣ ಲೆವೆಲ್‌ನಲ್ಲಿ 2014ರ ಕ್ಯೂರ್ ವೂಂಡ್ಸ್ ಮಂತ್ರ ಹಾಕಿ ಅದನ್ನು ತುಂಬಿಸಲಿಕ್ಕೆ ಹತ್ತಿರ ಹತ್ತಿರ ಎರಡು ಸ್ಲಾಟ್ (ಇಷ್ಟೇ ಮಂತ್ರ ಅಂತ ಇರುವ ಲೆಕ್ಕ) ಬೇಕು. ತಾಗದೇ ಇದ್ದ ಹೊಡೆತಕ್ಕೆ ಹೀಲಿಂಗ್ ಬೇಡ, ಅಲ್ವಾ?

ಇಲ್ಲಿ ಒಬ್ಬರು ಕೇಳಬಹುದು, ಬಾರ್ಡ್‌ಗೆ ವಿಶಿಯಸ್ ಮಾಕರಿ ಉಂಟಲ್ಲ, ಬೈದರೂ ಡಿಸ್‌ಅಡ್ವಾಂಟೇಜ್ ಬರುತ್ತದಲ್ಲ ಅಂತ. ಬರುತ್ತದೆ. (ನನ್ನ ಬಾರ್ಡ್ ಯಕ್ಷಗಾನದ ಭಾಗವತ, ಜಾಗಟೆ ಬಡಿದುಕೊಂಡು ಪದದಲ್ಲೇ ಬೈಯುತ್ತಾನೆ, ಅದರ ಮಜವೇ ಬೇರೆ.) ಆದರೆ ಅದು ಮುಂದಿನ ಒಂದೇ ಒಂದು ಅಟ್ಯಾಕಿಗೆ. ಪ್ರತಿ ಸುತ್ತೂ ನನ್ನ ಆಕ್ಷನ್ ಅದಕ್ಕೇ ಹೋಗುತ್ತದೆ. ಬೇನ್ ಹಾಕಬಹುದು, ಹಿಪ್ನಾಟಿಕ್ ಪ್ಯಾಟರ್ನ್ ಹಾಕಬಹುದು, ಫೇರಿ ಫೈರ್ ಹಾಕಬಹುದು, ಆದರೆ ಅವೆಲ್ಲ ಕಾನ್ಸಂಟ್ರೇಶನ್ (ಗಮನ ಹಿಡಿದೇ ಇರಬೇಕಾದ) ಮಂತ್ರಗಳು, ಒಂದು ಹಿಡಿದರೆ ಇನ್ನೊಂದು ಬಿಡಬೇಕು. ಸಪೋರ್ಟ್ ಆಡುವವರ ದೊಡ್ಡ ತಲೆನೋವೇ ಇದು. ಒಳ್ಳೆಯ ಸ್ಪೆಲ್‌ಗಳೆಲ್ಲ ಒಂದೇ ಕುರ್ಚಿಗೆ ಜಗಳ ಮಾಡುತ್ತವೆ. ವಿಷಕ್ಕೆ ಆ ಕುರ್ಚಿ ಬೇಡ. ಸ್ಲಾಟ್ ಬೇಡ, ಕಾನ್ಸಂಟ್ರೇಶನ್ ಬೇಡ, ನನ್ನ ತಲೆಗೆ ಪೆಟ್ಟು ಬಿದ್ದರೂ ಎದುರಾಳಿಯ ಮೈಯಲ್ಲಿರುವ ವಿಷ ಇಳಿಯುವುದಿಲ್ಲ. ವಿಷದ ಪರವಾಗಿ ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇದೇ ಒಂದು.

ಹಾಗಾದರೆ ಯಾವ ವಿಷ? 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಡ್ರೌ ಪಾಯ್ಸನ್ ಅಂತ ಉಂಟು, 200 ಗೋಲ್ಡ್. ಡಿಸಿ 13 ಕಾನ್ ಸೇವ್. ತಪ್ಪಿದರೆ ಒಂದು ಗಂಟೆ ಪಾಯ್ಸನ್ಡ್. ಪ್ರತಿ ಸುತ್ತು ಮತ್ತೆ ಮತ್ತೆ ಸೇವ್ ಹಾಕಿ ಬಿಡಿಸಿಕೊಳ್ಳುವ ಅವಕಾಶ ಇಲ್ಲ. ಯುದ್ಧ ಐದಾರು ಸುತ್ತಿನಲ್ಲಿ ಮುಗಿಯುತ್ತದೆ, ಸುತ್ತಿಗೆ ಆರು ಸೆಕೆಂಡ್. ಅಂದರೆ ಒಂದು ಸಲ ಹತ್ತಿದರೆ ಯುದ್ಧ ಮುಗಿಯುವವರೆಗೂ ಹತ್ತಿದ ಹಾಗೆಯೇ. ಇನ್ನು 5 ಅಥವಾ ಹೆಚ್ಚು ಅಂತರದಲ್ಲಿ ಸೇವ್ ತಪ್ಪಿದರೆ ಪ್ರಜ್ಞೆಯೇ ತಪ್ಪುತ್ತದೆ. ಪೆಟ್ಟು ಬಿದ್ದರೆ ಏಳುತ್ತಾನೆ, ಅಥವಾ ಯಾರಾದರೂ ಒಂದು ಆಕ್ಷನ್ ಖರ್ಚು ಮಾಡಿ ಅಲುಗಾಡಿಸಿ ಎಬ್ಬಿಸಬೇಕು.

ಇದನ್ನು ಟೇಬಲಿನಲ್ಲಿ ಕಂಡದ್ದು ಹೀಗೆ. ಹಾಬ್‌ಗಾಬ್ಲಿನ್ ನಾಯಕನೊಬ್ಬ ಸೇತುವೆ ಹಿಡಿದು ನಿಂತಿದ್ದ. ಫೈಟರ್‌ನ ಕತ್ತಿಗೆ ನಾನು ಮೊದಲೇ ಡ್ರೌ ಪಾಯ್ಸನ್ ಹಚ್ಚಿ ಕೊಟ್ಟಿದ್ದೆ. ಮೊದಲ ಹೊಡೆತ ತಾಗಿತು. ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ಡೈಸ್ ಹಾಕಿದ, 4 ಬಿತ್ತು, +2 ಸೇರಿಸಿ 6. ನಾಯಕ ಧೊಪ್ಪಂತ ಬಿದ್ದ. ನಾನು ಗೋಳಿಬಜೆ ಬಾಯಿಗೆ ಇಟ್ಟಿದ್ದವನು ಹಾಗೇ ಕೂಗಿದೆ.

“ಏ ಮಾರಾಯ, ಅವ ಮಲಗಿದ್ದಾನೆ, ಮುಟ್ಟಬೇಡ!”

“ಇನ್ನೊಂದು ಅಟ್ಯಾಕ್ ಉಂಟಲ್ಲ ಮಾರಾಯ, ಅದನ್ನು ಸುಮ್ನೆ ಎಂತಕ್ಕೆ ಬಿಡುವುದು?” ಅಂದ ಫೈಟರ್.

ಹೊಡೆದ. ಪ್ರಜ್ಞೆ ಇಲ್ಲದವನಿಗೆ ಹತ್ತಿರದಿಂದ ಹೊಡೆದು ತಾಗಿದರೆ ಕ್ರಿಟ್ (ಹೊಡೆತದ ಡೈಸ್ ಎರಡು ಪಟ್ಟು), ಒಳ್ಳೆಯ ಪೆಟ್ಟೇ ಬಿತ್ತು, ಆದರೆ ನಾಯಕ ಎಚ್ಚರ ಆದ. ಪಕ್ಕದಲ್ಲೇ ಅವನ ಇಬ್ಬರು ಸೈನಿಕರು ನಿಂತಿದ್ದರು, ಆ ಎರಡನೇ ಹೊಡೆತ ಅವರಿಗೆ ಹೋಗಿದ್ದರೆ ನಾಯಕನನ್ನು ಎಬ್ಬಿಸಲಿಕ್ಕೆ ಒಬ್ಬ ಸೈನಿಕನ ಇಡೀ ಆಕ್ಷನ್ ಹಾಳಾಗುತ್ತಿತ್ತು. ಪುಣ್ಯಕ್ಕೆ ಎದ್ದರೂ ಪಾಯ್ಸನ್ಡ್ ಹೋಗುವುದಿಲ್ಲ. ಎದ್ದವನು ಆಮೇಲೆ ಬೀಸಿದ್ದೆಲ್ಲ ಗಾಳಿಗೆ.

ಯಾರ ಆಯುಧಕ್ಕೆ ಹಚ್ಚುವುದು ಅನ್ನುವುದರಲ್ಲೇ ಅರ್ಧ ಆಟ ಇರುವುದು. ಹೆಚ್ಚಿನವರು ಸೀಸೆ ತಾವು ಕೊಂಡದ್ದು ಅಂತ ತಮ್ಮದೇ ಬಾಣಕ್ಕೆ ಹಚ್ಚುತ್ತಾರೆ. ಬಾರ್ಡ್ ಸುತ್ತಿಗೊಂದು ಬಾಣ ಬಿಡುತ್ತಾನೆ, ಅದು ಬಿಟ್ಟರೆ ಆ ಸುತ್ತಿನ ಆಕ್ಷನ್ ಮುಗಿಯಿತು. ಬಾಣ ತಪ್ಪಿದರೆ 200 ಗೋಲ್ಡ್ ಪೊದೆಯೊಳಗೆ ಹೋಯಿತು. ಗಾಯದಿಂದ ಏರುವ ಈ ಜಾತಿಯ ವಿಷಕ್ಕೆ ಬೇಸಿಕ್ ಪಾಯ್ಸನ್ ಹಾಗೆ ಒಂದು ನಿಮಿಷದ ಗಡುವು ಇಲ್ಲ. ಗಾಯ ಆಗುವವರೆಗೆ ಅಥವಾ ತೊಳೆದು ಹೋಗುವವರೆಗೆ ಅದು ಆಯುಧದ ಮೇಲೆ ಇರುತ್ತದೆ. ಹಾಗಾಗಿ ಸುತ್ತಿಗೆ ಎರಡು ಸಲ ಬೀಸುವವನ ಕತ್ತಿಗೆ ಹಚ್ಚಿ. ತಪ್ಪಿದರೆ ವಿಷ ಕತ್ತಿಯಲ್ಲೇ ಉಳಿಯುತ್ತದೆ, ಮುಂದಿನ ಸಲ ತಾಗುತ್ತದೆ. ಹಚ್ಚುವ ಕೆಲಸ ಬೆಳಿಗ್ಗೆಯೇ ಮುಗಿಸಿ, ಯುದ್ಧದ ನಡುವೆ ಆಕ್ಷನ್ ಕೊಡಬೇಡಿ.

‘ತೊಳೆದು ಹೋಗುವವರೆಗೆ’ ಅನ್ನುವುದನ್ನು ನಮ್ಮ ಡಿಎಂ ಚೆನ್ನಾಗಿ ಓದಿಕೊಂಡಿದ್ದಾನೆ. ಅವನ ಕತೆ ನಡೆಯುವುದು ಬಸ್ರೂರಿನ ಹಾಗಿರುವ ಒಂದು ಹಳೇ ಬಂದರಿನಲ್ಲಿ, ತಿಂಗಳು ಜೂನ್. ಬೆಳಿಗ್ಗೆ ಹಚ್ಚಿದ ವಿಷ ಮಧ್ಯಾಹ್ನದ ಮಳೆಗೆ ಹೋಯಿತು ಅಂದ. ವಾದ ಮಾಡುವುದು ಹೇಗೆ? ಹೊರಗೆ ನಿಜವಾದ ಮಳೆ ಶೀಟಿನ ಮೇಲೆ ಹೊಡೆಯುತ್ತಿತ್ತು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಈಗ ನಾವು ಹಚ್ಚಿದ ಕತ್ತಿ ಒರೆಯಲ್ಲೇ ಉಂಟು, ಒರೆಗೆ ಮೇಣದ ಬಟ್ಟೆ ಸುತ್ತಿದೆ ಅಂತ ಮೊದಲೇ ಬಾಯಿಬಿಟ್ಟು ಹೇಳುತ್ತೇವೆ. ಕರಾವಳಿಯ ಡಿಎಂ ಸಿಕ್ಕಿದರೆ ನೀವೂ ಹೇಳಿ.

ಇನ್ನು ಸೇವ್. ವಿಷದ ದೊಡ್ಡ ಕಷ್ಟ ಇದೇ. ರಾಕ್ಷಸರು ದೊಡ್ಡವರಾದ ಹಾಗೆ ಕಾನ್ ಏರುತ್ತಾ ಹೋಗುತ್ತದೆ, ಡ್ರೌ ಪಾಯ್ಸನ್‌ನ ಡಿಸಿ ಮಾತ್ರ 13ರಲ್ಲೇ ಕೂತಿರುತ್ತದೆ. ಕಾನ್ ಸೇವ್ +2 ಇದ್ದವನು ಅರ್ಧಕ್ಕರ್ಧ ಸಲ ತಪ್ಪುತ್ತಾನೆ. +7 ಆದರೆ ನಾಲ್ಕರಲ್ಲಿ ಒಂದು ಸಲ. ಸೇವ್ ಕಡಿಮೆ ಮಾಡುವುದು ನಮ್ಮ ಕೆಲಸ. ಬೇನ್ ಹತ್ತಿದರೆ ಸೇವ್‌ನಿಂದ ಒಂದು ಡಿ4 ಕಳೆಯಬೇಕು, ಆಗ ಆ +2ನವನು ತಪ್ಪುವುದು 50ರಿಂದ 62.5 ಶೇಕಡಾಕ್ಕೆ ಹೋಗುತ್ತದೆ. ವಿಷ ಹತ್ತಿದ ಮೇಲೆ ಬೇನ್ ಬಿಟ್ಟು ಕಾನ್ಸಂಟ್ರೇಶನ್ ಬೇರೆಯದಕ್ಕೆ ಕೊಡಬಹುದು. ಪಾರ್ಟಿಯಲ್ಲಿ ವಿಝರ್ಡ್ ಇದ್ದರೆ ಮೈಂಡ್ ಸ್ಲಿವರ್ ಹಾಕಲಿಕ್ಕೆ ಹೇಳಿ, ಅದು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಮಂತ್ರ), ಅದರದ್ದೂ ಡಿ4 ಕಡಿತ. ಸಿಲ್ವರಿ ಬಾರ್ಬ್ಸ್ ಅನ್ನುವ ಮಂತ್ರ ಇದ್ದರೆ ಪಾಸಾದ ಸೇವ್ ಅನ್ನೇ ಮತ್ತೆ ಹಾಕಿಸಬಹುದು. ಕೆಲವು ಡಿಎಂಗಳು ಅದನ್ನು ಟೇಬಲ್ ಹತ್ತಿರವೇ ಬಿಡುವುದಿಲ್ಲ, ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ.

ನನಗೆ ತುಂಬಾ ಇಷ್ಟದ ಜೋಡಿ ಬೇರೆ ಉಂಟು. ವಿಷ ಹತ್ತಿದವನನ್ನು ಬಾರ್ಬೇರಿಯನ್ ಹಿಡಿದುಕೊಂಡರೆ ಬಿಡಿಸಿಕೊಳ್ಳುವುದು ಎಬಿಲಿಟಿ ಚೆಕ್, ಅದಕ್ಕೂ ಡಿಸ್‌ಅಡ್ವಾಂಟೇಜ್. ಜಾಗ ಬಿಟ್ಟು ಕದಲಲಿಕ್ಕೂ ಆಗದೆ, ಬೀಸಿದ್ದು ತಾಗದೆ ಅವನು ಒದ್ದಾಡುವುದನ್ನು ನೋಡಬೇಕು.

ಆದರೆ ಎಲ್ಲರ ಮೇಲೂ ಸೀಸೆ ಖರ್ಚು ಮಾಡಬೇಡಿ. ಫೈರ್‌ಬಾಲ್ ಹಾಕುವ ಮಂತ್ರವಾದಿಗೆ ಅಟ್ಯಾಕ್ ರೋಲೇ ಬೇಡ, ಅವನು ಪಾಯ್ಸನ್ಡ್ ಆಗಿಯೂ ನಮ್ಮನ್ನು ಆರಾಮವಾಗಿ ಸುಡುತ್ತಾನೆ. ಪಾಯ್ಸನ್ಡ್‌ನಿಂದ ಸೇವ್‌ಗಳೂ ಕೆಡುವುದಿಲ್ಲ, ಹಾಗಾಗಿ ಅವನ ಕಾನ್ಸಂಟ್ರೇಶನ್ ಮುರಿಯಲಿಕ್ಕೆ ಅದು ಸಹಾಯ ಮಾಡುವುದಿಲ್ಲ. ಡಿಸ್‌ಅಡ್ವಾಂಟೇಜ್ ಒಂದರ ಮೇಲೊಂದು ಸೇರುವುದೂ ಇಲ್ಲ, ಆಗಲೇ ಹೆದರಿಸಿ ಡಿಸ್‌ಅಡ್ವಾಂಟೇಜ್ ಕೊಟ್ಟವನಿಗೆ ವಿಷ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ. ಸುಮ್ನೆ ದೊಣ್ಣೆ ಬೀಸುವವರು, ಸುತ್ತಿಗೆ ಮೂರು ನಾಲ್ಕು ಸಲ ಕಚ್ಚಿ ಪರಚುವವರು, ಅಂಥವರ ಮೇಲೆ ಹಾಕಿ.

ಅಸ್ಥಿಪಂಜರ, ಝಾಂಬಿ, ಗೋಲೆಮ್, ಡೆವಿಲ್, ಹೆಚ್ಚಿನ ಡೀಮನ್‌ಗಳು, ಇವಕ್ಕೆಲ್ಲ ವಿಷ ತಾಗುವುದೇ ಇಲ್ಲ. ಐದನೇ ಎಡಿಶನ್‌ನಲ್ಲಿ ಇಷ್ಟು ರಾಕ್ಷಸರಿಗೆ ತಾಗದ ಇನ್ನೊಂದು ಡ್ಯಾಮೇಜ್ ಜಾತಿ ಇಲ್ಲ. ಹಸಿರು ಡ್ರ್ಯಾಗನ್ ಉಸಿರಾಡುವುದೇ ವಿಷ. ಹಾಗಾಗಿ ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಕತೆ) ಶುರುವಾಗುವ ಮೊದಲೇ ಡಿಎಂ ಹತ್ತಿರ ನೇರ ಕೇಳಿಬಿಡಿ, ಹೆಣ ಜಾಸ್ತಿಯೋ ಮನುಷ್ಯರು ಜಾಸ್ತಿಯೋ ಅಂತ. ಹೆಣ ಅಂದರೆ ವಿಷದ ಯೋಚನೆ ಬಿಟ್ಟುಬಿಡಿ. ಕಳ್ಳರು, ಓಗರ್‌ಗಳು, ಕಾಡುಮೃಗಗಳು ಅಂದರೆ ಎರಡು ಸೀಸೆ ತಗೊಳ್ಳಿ. ಡ್ರೌ ಪಾಯ್ಸನ್ ಮಾಡುವುದು ಡ್ರೌಗಳು (ನೆಲದಡಿಯಲ್ಲಿ ಇರುವ ಒಂದು ಜನ) ಮಾತ್ರ, ಅದೂ ಬಿಸಿಲು ಕಾಣದ ಜಾಗದಲ್ಲಿ ಅಂತ ಪುಸ್ತಕ ಹೇಳುತ್ತದೆ, ಆದ್ದರಿಂದ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಅವನ ಹತ್ತಿರವೇ ಕೇಳಬೇಕು.

ಹೊಟ್ಟೆಗೆ ಹೋಗಬೇಕಾದ ವಿಷಗಳು ಯುದ್ಧದಲ್ಲಿ ಪ್ರಯೋಜನ ಇಲ್ಲ, ಕತೆಗೆ ಬೇಕಾದಷ್ಟು ಪ್ರಯೋಜನ. ನಮ್ಮ ಡಿಎಂ ಇದಕ್ಕೆ ತುಳುನಾಡಿನ ಆಟಿ ಅಮಾವಾಸ್ಯೆಯನ್ನೇ ತಂದ. ಅವತ್ತು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ಕಲ್ಲಲ್ಲಿ ಜಜ್ಜಿ ತಂದು ಕಷಾಯ ಕುಡಿಯುವುದು ಇಲ್ಲಿಯವರಿಗೆಲ್ಲ ಗೊತ್ತು. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಕತೆ ಮುಗಿಯಿತು ಅಂತ ಹಿರಿಯರು ಹೆದರಿಸುವುದೂ ಗೊತ್ತು. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್. ಅವನ ಕತೆಯಲ್ಲಿ ಮರ ತಪ್ಪಿದ್ದಲ್ಲ, ಯಾರೋ ಬೇಕೆಂದೇ ತಪ್ಪಿಸಿದ್ದು. ಇಡೀ ಸಂಜೆ ಒಂದು ಕತ್ತಿಯೂ ಒರೆಯಿಂದ ಹೊರಗೆ ಬರಲಿಲ್ಲ, ಎಲ್ಲರೂ ಪತ್ತೇದಾರಿ ಮಾಡಿದ್ದೇ ಮಾಡಿದ್ದು. ಇಂಥ ಕಡೆ ಈಥರ್ ಸೀಸೆಯೂ ಒಳ್ಳೆಯದು, 300 ಗೋಲ್ಡ್, ಡಿಸಿ 15, ಉಸಿರಲ್ಲಿ ಹೋದರೆ ಎಂಟು ಗಂಟೆ ನಿದ್ದೆ. ಐದಡಿ ಜಾಗಕ್ಕೆ ಮಾತ್ರ ಹರಡುತ್ತದೆ, ಬಾಗಿಲಲ್ಲಿ ಒಬ್ಬನೇ ಕಾವಲುಗಾರ ಇದ್ದರೆ ಅವನಿಗೆ ಸರಿಯಾಗುತ್ತದೆ.

ಪಾಯ್ಸನರ್ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕಲೆ) ತಗೊಳ್ಳಲಾ ಅಂತ ಮಣಿಪಾಲದ ಒಬ್ಬ ಹುಡುಗ ಕೇಳಿದ್ದ. 2020ರ ಟಾಶಾ ಪುಸ್ತಕದಲ್ಲಿ ಬಂದದ್ದು ಅದು. 50 ಗೋಲ್ಡ್ ಸಾಮಾನು, ಒಂದು ಗಂಟೆ ಕೆಲಸ, ನಿಮ್ಮ ಪ್ರೊಫಿಶಿಯೆನ್ಸಿ ಬೋನಸ್ (ಲೆವೆಲ್ ಜೊತೆ ಏರುವ ಅಂಕ) ಎಷ್ಟೋ ಅಷ್ಟು ಡೋಸ್. ಡಿಸಿ 14, ತಪ್ಪಿದರೆ 2ಡಿ8 (ಎಂಟು ಮುಖದ ಎರಡು ಡೈಸಿನಷ್ಟು) ಹೊಡೆತ, ಜೊತೆಗೆ ನಿಮ್ಮ ಮುಂದಿನ ಸರದಿ ಮುಗಿಯುವವರೆಗೆ ಪಾಯ್ಸನ್ಡ್. ಅಗ್ಗ, ಕೇಳಲಿಕ್ಕೆ ಚಂದ. ಆದರೆ ಹಚ್ಚಲಿಕ್ಕೆ ಬೋನಸ್ ಆಕ್ಷನ್ ಬೇಕು, ಬಾರ್ಡ್‌ನ ಬೋನಸ್ ಆಕ್ಷನ್ ಹೀಲಿಂಗ್ ವರ್ಡ್‌ಗೂ ಇನ್ಸ್ಪಿರೇಶನ್‌ಗೂ ಸಾಲದೆ ಇರುವಾಗ ಇದನ್ನು ಎಲ್ಲಿ ತುರುಕುವುದು? ರೋಗ್ ಅಥವಾ ರೇಂಜರ್ ಆಡುವವನು ತಗೊಳ್ಳಲಿ. ನೀವು ಆ ಫೀಟ್‌ನ ಜಾಗಕ್ಕೆ ಕಾನ್ಸಂಟ್ರೇಶನ್ ಉಳಿಸಲಿಕ್ಕೆ ಸಹಾಯ ಮಾಡುವ ವಾರ್ ಕ್ಯಾಸ್ಟರ್ ತಗೊಂಡು, ಡ್ರೌ ಪಾಯ್ಸನ್ ಕೊಳ್ಳಲು ಪಾರ್ಟಿಯ ದುಡ್ಡು ಕೇಳಿ. ಫೈಟರ್ ಕೊಡಲಿಕ್ಕಿಲ್ಲ ಅಂದರೆ, ಅವನು ಪೆಟ್ಟು ತಿಂದು ಬಿದ್ದಾಗ ನಿಧಾನಕ್ಕೆ ಎಬ್ಬಿಸಿ, ಮುಂದಿನ ಸಲ ಕೊಡುತ್ತಾನೆ.