ಆಗಿಬರದ ಹಬ್ಬ: ಬರ್ಲಿನ್ನಿನ ನವೆಂಬರ್ 9

2019ರ ನವೆಂಬರ್ 9, ಶನಿವಾರ ಬೆಳಿಗ್ಗೆ. ಇಳಕಲ್ ಸೀರೆ ಉಟ್ಟು, ಅದರ ಮೇಲೆ ದಪ್ಪ ಕೋಟು ಏರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಇನ್ನೊಂದರಲ್ಲಿ ಹಳದಿ-ಕೆಂಪು ಶಾಲುಗಳ ಚೀಲ. ಅವತ್ತು ನಮ್ಮ ರಾಜ್ಯೋತ್ಸವ. 1ನೇ ತಾರೀಖಿನದು 9ಕ್ಕೆ ಯಾಕೆ ಅಂತ ಕೇಳಬೇಡಿ. ಹಾಲ್ ಸಿಗುವುದು ಶನಿವಾರ. ಹೊರನಾಡಿನಲ್ಲಿ ಇಡೀ ನವೆಂಬರ್ ತಿಂಗಳೇ ಒಂದನೇ ತಾರೀಖು.

ಬಾಗಿಲಾಚೆ ಫುಟ್‌ಪಾತಿನಲ್ಲಿ ಕೆಳಗಿನ ಮನೆಯ ಅಜ್ಜಿ ಮಂಡಿಯೂರಿ ಕೂತಿದ್ದರು. ಮಂಡಿ ಕೆಳಗೆ ಒಂದು ದಿಂಬು, ಕೈಯಲ್ಲಿ ಸ್ಪಂಜು. ನೆಲಕ್ಕೆ ಹೂತಿದ್ದ ನಾಲ್ಕು ಪುಟ್ಟ ಹಿತ್ತಾಳೆ ಬಿಲ್ಲೆಗಳನ್ನು ತಿಕ್ಕುತ್ತಿದ್ದರು. ನಾನು ಆ ಮನೆಗೆ ಬಂದು ವರ್ಷವಾಗಿತ್ತು. ದಿನಾ ಅವುಗಳನ್ನು ದಾಟಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ. ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಗೋಡೆ ಬಿದ್ದು ಅವತ್ತಿಗೆ ಸರಿಯಾಗಿ 30 ವರ್ಷ. ಊರೆಲ್ಲ ಪೋಸ್ಟರ್, ಟಿವಿಯಲ್ಲಿ ಅದೇ. ನಾನೂ ಉತ್ಸಾಹದಲ್ಲಿ, "ಗೋಡೆ ಬಿದ್ದ ದಿನದ ಶುಭಾಶಯ!" ಅಂದೆ.

ಅಜ್ಜಿ ತಲೆ ಎತ್ತಿದರು. "ಥ್ಯಾಂಕ್ಸ್. ಅದು ಸಂಜೆಗೆ. ಬೆಳಿಗ್ಗೆ ಇದು."

ಅಷ್ಟೇ ಹೇಳಿ ಮತ್ತೆ ತಿಕ್ಕಲು ಶುರು ಮಾಡಿದರು. ನಾನು ಚಿತ್ರಾನ್ನ ಹಿಡಿದುಕೊಂಡು ಪೆಚ್ಚಾಗಿ ನಿಂತೆ.

ಆ ಬಿಲ್ಲೆಗಳಿಗೆ ಜರ್ಮನ್ನಿನಲ್ಲಿ ಶ್ಟೋಲ್ಪರ್‌ಶ್ಟೈನ್ ಅನ್ನುತ್ತಾರೆ. ಎಡವುಗಲ್ಲು ಅಂತ ಅರ್ಥ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಇದು. 10 ಸೆಂಟಿಮೀಟರ್ ಚೌಕದ ಕಲ್ಲು, ಅದಕ್ಕೆ ಹಿತ್ತಾಳೆ ಹೊದಿಕೆ. ನಾಜಿಗಳು ಎಳೆದೊಯ್ದವರು ಕೊನೆಯದಾಗಿ ಸ್ವಂತ ಇಷ್ಟದಿಂದ ಇದ್ದ ಮನೆಯ ಮುಂದೆ ಅದನ್ನು ಹೂಳುತ್ತಾರೆ. "ಇಲ್ಲಿ ವಾಸವಿದ್ದರು" ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು, ಇಷ್ಟು. ಯುರೋಪಿನಲ್ಲೆಲ್ಲ ಸೇರಿ ಈಗ ಲಕ್ಷ ದಾಟಿವೆ. ನಮ್ಮ ಬಾಗಿಲ ಮುಂದಿನ ನಾಲ್ಕು ಒಂದೇ ಮನೆಯವರದು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನಾಲ್ಕಕ್ಕೂ ಕೊನೆಯ ಸಾಲು ಒಂದೇ ಸಾವಿನ ಶಿಬಿರ: ಆಶ್ವಿಟ್ಜ್.

ನವೆಂಬರ್ 9 ಬಂತೆಂದರೆ ಬರ್ಲಿನ್ನಿನಲ್ಲಿ ಅಲ್ಲಲ್ಲಿ ಜನ ಹೀಗೆ ಕೂತು ತಿಕ್ಕುತ್ತಾರೆ. ಪಕ್ಕದಲ್ಲಿ ಒಂದು ಮೇಣದ ಬತ್ತಿ, ಒಂದು ಬಿಳಿ ಗುಲಾಬಿ. ಯಾರೂ ಭಾಷಣ ಮಾಡುವುದಿಲ್ಲ.

ಈ ತಾರೀಖಿಗೆ ಇಲ್ಲಿಯವರು ಒಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಹಣೆಬರಹದ ದಿನ. ಜರ್ಮನಿಯ ಚರಿತ್ರೆ ಪದೇ ಪದೇ ಇದೇ ದಿನಕ್ಕೆ ಬಂದು ಬೀಳುತ್ತದೆ. 1848ರಲ್ಲಿ ಫ್ರಾಂಕ್‌ಫರ್ಟ್ ಸಂಸತ್ತಿನ ಸದಸ್ಯ ರಾಬರ್ಟ್ ಬ್ಲುಮ್ ಅವರನ್ನು ವಿಯೆನ್ನಾ ಬಳಿ ಗುಂಡಿಟ್ಟು ಕೊಂದದ್ದು ನವೆಂಬರ್ 9. 1918ರಲ್ಲಿ ಚಕ್ರವರ್ತಿ ಸಿಂಹಾಸನ ಬಿಟ್ಟ ಸುದ್ದಿ ಬಂದದ್ದು ನವೆಂಬರ್ 9. ಅವತ್ತು ಸೋಶಿಯಲ್ ಡೆಮಾಕ್ರಟ್ ಪಕ್ಷದ ಫಿಲಿಪ್ ಶೈಡೆಮಾನ್ ಸಂಸತ್ ಭವನದಲ್ಲಿ ಊಟಕ್ಕೆ ಕೂತಿದ್ದರು. ಎದ್ದು ಹೋಗಿ ಕೆಳಗಿನ ಜನಕ್ಕೆ ಕೂಗಿ ಹೇಳಿದರು, ಇನ್ನು ಗಣರಾಜ್ಯ ಅಂತ. ಅವರದೇ ಪಕ್ಷದ ನಾಯಕ ಎಬರ್ಟ್‌ಗೆ ಇದರಿಂದ ಸಿಟ್ಟು ಬಂತು. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಅರಮನೆಯ ಹತ್ತಿರ ಎಡಪಂಥೀಯ ಕ್ರಾಂತಿಕಾರಿ ಕಾರ್ಲ್ ಲೀಬ್‌ಕ್ನೆಕ್ಟ್ ಇನ್ನೊಂದು ಗಣರಾಜ್ಯ ಘೋಷಿಸಿದರು. ಒಂದೇ ಮಧ್ಯಾಹ್ನ ಎರಡು!

1923ರಲ್ಲಿ ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆಗೆ ಇಳಿದ. 9ರಂದು ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು, ದಂಗೆ ಮುರಿದುಬಿತ್ತು. ಆದರೆ ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಆ ಸೋಲನ್ನೇ ಹಬ್ಬ ಮಾಡಿಕೊಂಡರು. ಪ್ರತಿ ವರ್ಷ ಮ್ಯೂನಿಕ್‌ನಲ್ಲಿ ಸೇರುವುದು, ಸತ್ತವರನ್ನು ಹುತಾತ್ಮರೆಂದು ಮೆರೆಸುವುದು, ಊಟ, ಭಾಷಣ.

1938ರ ಸಂಜೆಯೂ ಅಂಥದೇ ಊಟ. ಎರಡು ದಿನ ಹಿಂದೆ ಪ್ಯಾರಿಸ್ಸಿನಲ್ಲಿ ಹರ್ಷೆಲ್ ಗ್ರಿನ್‌ಸ್ಪಾನ್ ಅನ್ನುವ 17 ವರ್ಷದ ಯಹೂದಿ ಹುಡುಗ ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬನಿಗೆ ಗುಂಡು ಹಾರಿಸಿದ್ದ. ಅವನ ಅಪ್ಪ ಅಮ್ಮನನ್ನು ಜರ್ಮನಿ ಪೋಲೆಂಡ್ ಗಡಿಗೆ ಅಟ್ಟಿತ್ತು. ಆ ಅಧಿಕಾರಿ ಸತ್ತ ಸುದ್ದಿ ಈ ಊಟದ ಸಭೆಗೆ ಬಂತು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಎದ್ದು ಮಾತಾಡಿದ. ಊರೂರಿಂದ ಬಂದಿದ್ದ ಪುಢಾರಿಗಳು ಫೋನಿಗೆ ಓಡಿದರು. ಬೆಳಗಾಗುವಷ್ಟರಲ್ಲಿ ದೇಶದ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳು ಉರಿಯುತ್ತಿದ್ದವು. ಹಾಳು ಮಾಡಿದ ಸಿನಗಾಗ್‌ಗಳು 1,400ಕ್ಕೂ ಹೆಚ್ಚು, ಅಂಗಡಿಗಳು ಸುಮಾರು 7,500. ಸುಮಾರು 30 ಸಾವಿರ ಯಹೂದಿ ಗಂಡಸರನ್ನು ಹಿಡಿದು ಡಾಖಾವ್, ಬುಖೆನ್‌ವಾಲ್ಡ್, ಝಾಕ್ಸೆನ್‌ಹೌಸನ್ ಯಾತನಾ ಶಿಬಿರಗಳಿಗೆ ಸಾಗಿಸಿದರು. ಆಮೇಲೆ ಯಹೂದಿಗಳ ಮೇಲೆಯೇ 100 ಕೋಟಿ ಮಾರ್ಕ್ ದಂಡ ಬೇರೆ ಹಾಕಿದರು. ಒಡೆದವರು ಅವರು, ದಂಡ ಇವರಿಗೆ.

ಇದಕ್ಕೆ ಹಿಂದೆ "ಗಾಜಿನ ರಾತ್ರಿ" ಅನ್ನುತ್ತಿದ್ದರು. ಈಗ ಆ ಹೆಸರನ್ನು ಬಹಳ ಜನ ಬಳಸುವುದಿಲ್ಲ. ಒಡೆದದ್ದು ಗಾಜು ಮಾತ್ರವಾ ಅಂತ ಕೇಳುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಊಟ. ಒಂದು ವಾರ್ಷಿಕೋತ್ಸವದ ಪಂಕ್ತಿಯಿಂದ ಎದ್ದು ಹೋದವರು ಇದನ್ನು ಮಾಡಿದರು. ನೆನಪಿನ ದಿನ ಅಂದರೆ ಒಳ್ಳೆಯದೇ ಅಂತ ನಾನು ಅಲ್ಲಿಯವರೆಗೆ ಸುಮ್ನೆ ಅಂದುಕೊಂಡಿದ್ದೆ.

ಇನ್ನು 1989. ಅವತ್ತು ಗುರುವಾರ. ಪೂರ್ವ ಜರ್ಮನಿಯ ವಕ್ತಾರ ಗುಂಟರ್ ಶಾಬೋವ್ಸ್ಕಿ ಸಂಜೆ ಪತ್ರಿಕಾಗೋಷ್ಠಿ ಮಾಡುತ್ತಿದ್ದರು, ಟಿವಿಯಲ್ಲಿ ನೇರ ಪ್ರಸಾರ. ಕೊನೆಗೆ ಒಂದು ಚೀಟಿ ತೆಗೆದು ಓದಿದರು. ನಾಗರಿಕರು ಹೊರದೇಶಕ್ಕೆ ಹೋಗಬಹುದು ಅಂತಿತ್ತು. ಯಾವಾಗಿಂದ ಅಂತ ಪತ್ರಕರ್ತರು ಕೇಳಿದರು. ಆಸಾಮಿ ಕಾಗದ ಹಿಂದೆ ಮುಂದೆ ತಿರುಗಿಸಿ, "ನನಗೆ ತಿಳಿದ ಮಟ್ಟಿಗೆ, ತಕ್ಷಣ" ಅಂದುಬಿಟ್ಟರು. ಸರ್ಕಾರ ಅಂದುಕೊಂಡಿದ್ದು ಬೇರೆ. ಸುದ್ದಿ ಮಾರನೇ ದಿನ ಬೆಳಗಿನ ಜಾವ ಹೊರಬೀಳಬೇಕಿತ್ತು. ಆಮೇಲೆ ಜನ ಕಚೇರಿಗೆ ಹೋಗಿ ಸಾಲಲ್ಲಿ ನಿಂತು ಅರ್ಜಿ ಹಾಕಬೇಕಿತ್ತು. ಸರ್ಕಾರಿ ಕೆಲಸ ಅಲ್ವಾ!

ಜನ ಅರ್ಜಿ ಹಾಕಲಿಲ್ಲ, ನೇರ ಗಡಿಗೇ ನಡೆದರು. ನಮ್ಮ ಮನೆಗೆ ಹತ್ತಿರ ಇರುವುದು ಬೋರ್ನ್‌ಹೋಲ್ಮರ್ ಸ್ಟ್ರಾಸೆಯ ಸೇತುವೆ. ಮೊದಲು ತೆರೆದದ್ದು ಇದೇ. ಅಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮಾಡಿ ಮಾಡಿ ಸುಸ್ತಾದರು. ಜಾಸ್ತಿ ಗಲಾಟೆ ಮಾಡುವವರನ್ನು ಮೊದಲು ಬಿಟ್ಟುಬಿಡಿ ಅಂತ ಒಂದು ಉಪಾಯ ಬಂತು. ಬಿಡುವಾಗ ಗುರುತಿನ ಚೀಟಿಯ ಫೋಟೋ ಮೇಲೇ ಮುದ್ರೆ ಒತ್ತುತ್ತಿದ್ದರು. ಅಂದರೆ ಇನ್ನು ವಾಪಸ್ ಬರುವಂತಿಲ್ಲ. ಆ ಜನಕ್ಕೆ ಅದು ಗೊತ್ತೇ ಇರಲಿಲ್ಲ. ಗುಂಪು ಬೆಳೆಯುತ್ತಲೇ ಹೋಯಿತು. ರಾತ್ರಿ ಸುಮಾರು ಹನ್ನೊಂದೂವರೆಗೆ ಯೇಗರ್ ಯಾರ ಅಪ್ಪಣೆಯೂ ಇಲ್ಲದೆ ಗೇಟು ತೆಗೆಸಿದರು. 28 ವರ್ಷ ನಿಂತಿದ್ದ ಗೋಡೆ. ಒಂದು ಗುಂಡೂ ಹಾರಲಿಲ್ಲ.

ಕೆಳಗಿನ ಮನೆಯ ಅಜ್ಜಿ ಆಗ ನಲವತ್ತರ ಆಸುಪಾಸಿನವರು. ಸೇತುವೆಯಿಂದ ಕಾಲು ಗಂಟೆ ದಾರಿ. ಆ ರಾತ್ರಿ ಏನು ಮಾಡಿದಿರಿ ಅಂತ ಆಸೆಯಿಂದ ಕೇಳಿದೆ.

"ಮಲಗಿದ್ದೆ," ಅಂದರು. "ಬೆಳಿಗ್ಗೆ ಆರಕ್ಕೆ ಪಾಳಿ ಇತ್ತು. ಕೆಲಸಕ್ಕೆ ಹೋದರೆ ಅರ್ಧ ಜನ ಇಲ್ಲ. ಇದ್ದ ನಾವು ಅರ್ಧ ಜನ ಅವರನ್ನು ಬೈದುಕೊಂಡು ಅವರ ಕೆಲಸವನ್ನೂ ಮಾಡಿದೆವು."

ಅವರು ಆ ಕಡೆಗೆ ಹೋದದ್ದು ಶನಿವಾರ. ಪಶ್ಚಿಮದ ಸರ್ಕಾರ ಬಂದವರಿಗೆಲ್ಲ ತಲಾ 100 ಮಾರ್ಕ್ ಸ್ವಾಗತದ ಹಣ ಕೊಡುತ್ತಿತ್ತು. ಅವರು ಅದರಲ್ಲಿ ಮಗಳಿಗೆ ಒಂದು ಜೊತೆ ಬೂಟು, ತಮಗೆ ಕಾಫಿಪುಡಿ ಕೊಂಡರಂತೆ.

ಇಷ್ಟು ದೊಡ್ಡ ಖುಷಿಯ ದಿನ. ಆದರೂ ಜರ್ಮನಿಯ ರಾಷ್ಟ್ರೀಯ ಹಬ್ಬ ನವೆಂಬರ್ 9 ಅಲ್ಲ, ಅಕ್ಟೋಬರ್ 3. 1990ರಲ್ಲಿ ಎರಡು ದೇಶ ಕಾಗದದ ಮೇಲೆ ಒಂದಾದ ದಿನ. ಯಾರನ್ನು ಕೇಳಿದರೂ ಅಕ್ಟೋಬರ್ 3ರ ಬಗ್ಗೆ ಹೇಳಲು ಒಂದು ಕಥೆ ಇಲ್ಲ, ರಜೆ ಇದೆ. ಕಥೆ ಎಲ್ಲ ಇರುವುದು ನವೆಂಬರ್ 9ಕ್ಕೆ, ಅವತ್ತು ರಜೆ ಇಲ್ಲ. ಸಿನಗಾಗ್ ಸುಟ್ಟ ತಾರೀಖಿಗೆ ಪಟಾಕಿ ಹೊಡೆಯುವುದು ಹೇಗೆ?

ನನ್ನ ಆಫೀಸಿನ ಉತ್ತರ ಭಾರತದ ಗೆಳೆಯನಿಗೆ ಇದು ಅತಿ ಅನ್ನಿಸುತ್ತದೆ. ಒಳ್ಳೆಯದಾದ ಮೇಲೆ ಹಳೆಯದನ್ನು ಮರೆಯಬೇಕಪ್ಪ ಅನ್ನುತ್ತಾನೆ. ನನಗೆ ಮಾತ್ರ ಹಾಗನ್ನಿಸಲಿಲ್ಲ. ನಮ್ಮ ಮನೆಯಲ್ಲೇ ಇಂಥದ್ದೊಂದು ದಿನ ಇತ್ತು.

ನಮ್ಮಜ್ಜ ತೀರಿಕೊಂಡದ್ದು ಯುಗಾದಿಯ ದಿನ. ಅಲ್ಲಿಂದ ಮುಂದೆ ನಮಗೆ ಯುಗಾದಿ ಆಗಿಬರಲ್ಲ ಅಂತ ಆಯಿತು. ತೋರಣ ಇಲ್ಲ, ಎಣ್ಣೆಸ್ನಾನ ಇಲ್ಲ, ಹೊಸ ಬಟ್ಟೆ ಇಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದುಕೊಟ್ಟರೆ ನಾವು ಮಕ್ಕಳು ತಿನ್ನುತ್ತಿದ್ದೆವು, ಅಜ್ಜಿ ಮುಟ್ಟುತ್ತಿರಲಿಲ್ಲ. ನಿಲ್ಲಿಸಿದ ಹಬ್ಬ ಮತ್ತೆ ಶುರುವಾಗಬೇಕಾದರೆ ಅದೇ ದಿನ ಮನೆಯಲ್ಲಿ ಮಗು ಹುಟ್ಟಬೇಕು, ಇಲ್ಲವೇ ಹಸು ಕರು ಹಾಕಬೇಕು. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಇರಬಹುದು.

ಏಳೋ ಎಂಟೋ ವರ್ಷದ ಮೇಲೆ, ಯುಗಾದಿ ಕಳೆದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ ಹಸು ಕರು ಹಾಕಿತು. ಕ್ಯಾಲೆಂಡರಿನಲ್ಲಿ ತಾರೀಖು ಬದಲಾಗಿತ್ತು. ಚಿಕ್ಕಪ್ಪ, "ಒಂದು ದಿನ ತಪ್ಪಿತಲ್ಲಮ್ಮ" ಅಂದರು. ಅಜ್ಜಿ ಕೇಳಲೇ ಇಲ್ಲ. "ಸೂರ್ಯ ಹುಟ್ಟದೆ ದಿನ ಹೆಂಗೆ ಬದಲಾಗುತ್ತೋ? ಇದು ಯುಗಾದಿ ಕರುವೇ," ಅಂದರು. ಮುಂದಿನ ವರ್ಷ ನಮ್ಮ ಮನೆಯಲ್ಲೂ ಒಬ್ಬಟ್ಟು ಬೆಂದಿತು. ಅಜ್ಜನಿಗೆ ಮೊದಲು ಎಡೆ ಇಟ್ಟು, ಆಮೇಲೆ ನಮಗೆ.

ಇದನ್ನು ಕೆಳಗಿನ ಮನೆಯ ಅಜ್ಜಿಗೆ ಹೇಳಿದೆ. ಕರು ಅನ್ನುವುದಕ್ಕೆ ಜರ್ಮನ್ ಪದ ಹೊಳೆಯದೆ ಸ್ವಲ್ಪ ಒದ್ದಾಡಿದೆ. ಅವರು ಬಹಳ ಹೊತ್ತು ಯೋಚಿಸಿ, "ನಮ್ಮ ಕರು 1989ರಲ್ಲಿ ಹುಟ್ಟಿತು, ಸರಿ. ಆದರೆ ಸತ್ತವರು ನಮ್ಮಜ್ಜ ಅಲ್ಲವಲ್ಲ. ನಮ್ಮಜ್ಜಂದಿರು ಕೊಂದವರು," ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಮ್ಮ ರಾಜ್ಯೋತ್ಸವಕ್ಕೂ ಈಗ ಪಕ್ಕದಲ್ಲೇ ಒಂದು ಸಾವಿದೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರು, ಮೂರು ದಿನಕ್ಕೆ ನವೆಂಬರ್ 1. ಮರುವರ್ಷ ಅದೇ ನವೆಂಬರ್ 1ಕ್ಕೆ ಕರ್ನಾಟಕ ರತ್ನ ಕೊಟ್ಟರು. ಇಲ್ಲಿ ನಾವೂ ನಾಡಗೀತೆಗೆ ಮುಂಚೆ ಅಪ್ಪು ಫೋಟೋಕ್ಕೆ ಹೂವಿಡುತ್ತೇವೆ.

1938 ಅಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮೂರು ಗೌರಿಬಿದನೂರಿನ ಕಡೆ. ಅದೇ ವರ್ಷ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ 25ಕ್ಕೆ ನಮ್ಮ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನುವುದಕ್ಕೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ನಾವು ವರ್ಷಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆವು. ನಾಗರಕಲ್ಲಿಗೆ ಹಾಲೆರೆದು, ಪ್ರಸಾದ ತಿಂದು ಬರುತ್ತಿದ್ದೆವು. ಹುತಾತ್ಮರ ಸ್ಮಾರಕದ ಕಟ್ಟೆ ಮೇಲೆ ಬುತ್ತಿ ಬಿಚ್ಚಿ ಕೂತದ್ದೂ ಇದೆ. ಅಲ್ಲಿನ ಹೆಸರುಗಳನ್ನು ಓದಿದ್ದು ನಾನು ಹೋದ ವರ್ಷ ಊರಿಗೆ ಬಂದಾಗ, ಮೊದಲ ಸಲ.

ಮತ್ತೆ ಆ ಬಿಲ್ಲೆಗಳ ವಿಷಯ. 2020ರಲ್ಲಿ ಕೊರೋನಾ, ಕಾರ್ಯಕ್ರಮ ಏನೂ ಇರಲಿಲ್ಲ. ನವೆಂಬರ್ 9ಕ್ಕೆ ನಾನೂ ಮಾಸ್ಕ್ ಹಾಕಿಕೊಂಡು ಕೆಳಗಿಳಿದೆ. ಅಜ್ಜಿಗೆ ಮಂಡಿ ನೋವು, ಸ್ಟೂಲ್ ಮೇಲೆ ಕೂತು ನಿರ್ದೇಶನ ಕೊಡುತ್ತಿದ್ದರು. ಅವರ ಟ್ಯೂಬಿನ ಪಾಲಿಶ್ ಹಚ್ಚಿ ಎಷ್ಟು ತಿಕ್ಕಿದರೂ ಮೂಲೆಯ ಕಪ್ಪು ಹೋಗಲಿಲ್ಲ. ಹಿತ್ತಾಳೆ ದೀಪ ತಿಕ್ಕಿ ಬೆಳೆದವಳು ನಾನು. ಮೇಲೆ ಹೋಗಿ ಹುಣಸೆಹಣ್ಣು ನೆನೆಸಿ, ಚಿಟಿಕೆ ಉಪ್ಪು ಹಾಕಿ ತಂದೆ.

ಅಜ್ಜಿಗೆ ಗಾಬರಿ. "ಅದು ತಿನ್ನುವ ವಸ್ತುವಾ?"

"ತಿನ್ನುವುದೂ ಹೌದು."

ಕೊನೆಯದು ಚಿಕ್ಕ ಮಗುವಿನ ಕಲ್ಲು. ತಿಕ್ಕಿ, ನೀರು ಹಾಕಿ ಒರೆಸಿದೆ. ಹುಟ್ಟಿದ ವರ್ಷ ಫಳಫಳ ಅಂತ ಎದ್ದು ಬಂತು. ಅಜ್ಜಿ ಕನ್ನಡಕ ಏರಿಸಿ ನೋಡಿದರು, ಏನೂ ಅನ್ನಲಿಲ್ಲ. ಗುಲಾಬಿ ಇಟ್ಟು, ಬತ್ತಿ ಹಚ್ಚಿ, ಇಬ್ಬರೂ ಒಳಗೆ ಬಂದೆವು. ಸಂಜೆ ಟಿವಿಯಲ್ಲಿ ಅದೇ ಸೇತುವೆ, ಅದೇ ಗುಂಪು, ಅದೇ ಗೇಟು.

ಈಗ ಪ್ರತಿ ವರ್ಷ ನವೆಂಬರ್ ಮೊದಲ ವಾರ ನನ್ನ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಇರುತ್ತದೆ. "9ಕ್ಕೆ, ಬೆಳಿಗ್ಗೆ ಹತ್ತಕ್ಕೆ. ಹೂವು ನನ್ನದು. ಆ ಹುಳಿ ನಿಮ್ಮದು."