ಹೊಸ ಅಣು ಸ್ಥಾವರ: ಅಸಲಿಗಿಂತ ಬಡ್ಡಿಯೇ ಭಾರ

ಸೌರ ವಿದ್ಯುತ್ತು ಅಗ್ಗ, ಅಣು ವಿದ್ಯುತ್ತು ದುಬಾರಿ ಎನ್ನುವವರನ್ನು ಮೊದಲು ಕೇಳಬೇಕಾದ್ದು: ಬಡ್ಡಿ ಎಷ್ಟು ಹಿಡಿದಿರಿ?

ಸಾಮರ್ಥ್ಯದ ಒಂದು ಕಿಲೋವ್ಯಾಟ್‌ಗೆ 6,000 ಡಾಲರ್ ಬೀಳುವ ಅಣು ಸ್ಥಾವರ ಎಂದಿಟ್ಟುಕೊಳ್ಳಿ. ಕಟ್ಟಲು 10 ವರ್ಷ, ಖರ್ಚು ಸಮ ಕಂತುಗಳಲ್ಲಿ, ಸಾಲ ತೀರಲು 40 ವರ್ಷ. ಶೇ. 90ರಷ್ಟು ಹೊತ್ತು ಓಡಿದರೆ ಕಿಲೋವ್ಯಾಟ್‌ಗೆ ವರ್ಷಕ್ಕೆ 7,884 ಯೂನಿಟ್. ಬಡ್ಡಿ ಶೇ. 3 ಇದ್ದರೆ ಬಂಡವಾಳದ ಪಾಲು ಯೂನಿಟ್‌ಗೆ 3.8 ಸೆಂಟ್, ಶೇ. 7 ಇದ್ದರೆ 7.9 ಸೆಂಟ್. ಇಂಧನ, ನಿರ್ವಹಣೆ ಬೇರೆ. ಕಾಂಕ್ರೀಟು ಅದೇ, ರಿಯಾಕ್ಟರ್ ಅದೇ, ಬೆಲೆ ಮಾತ್ರ ದುಪ್ಪಟ್ಟು! ಶೇ. 7ರಲ್ಲಿ, ಕಟ್ಟುವ ಕಾಲದ ಬಡ್ಡಿಯೊಂದೇ ಬಂಡವಾಳಕ್ಕೆ ಶೇ. 38 ಸೇರಿಸುತ್ತದೆ. 5 ವರ್ಷದಲ್ಲಿ ಮುಗಿಸಿದರೆ ಶೇ. 15 ಅಷ್ಟೇ.

ಆದರೆ ಎಷ್ಟೋ ಸಲ ಹಾಗೆ ಮುಗಿಯುವುದಿಲ್ಲ. ಫ್ರಾನ್ಸಿನ ಫ್ಲಾಮನ್‌ವಿಲ್ 3 ರಿಯಾಕ್ಟರ್ ಕೆಲಸ ಶುರುವಾಗಿದ್ದು 2007ರಲ್ಲಿ, ಅಂದಾಜು 330 ಕೋಟಿ ಯೂರೋ. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಬಡ್ಡಿ ಬಿಟ್ಟೇ ಅಂದಾಜು 1,320 ಕೋಟಿ ಯೂರೋ. ರಕ್ಷಣಾ ಕವಚವನ್ನು ಹಾದುಹೋಗುವ ಹಬೆ ಕೊಳವೆಗಳ ಎಂಟು ಬೆಸುಗೆಗಳನ್ನು ದುರಸ್ತಿ ಮಾಡಲೇಬೇಕೆಂದು 2019ರಲ್ಲಿ ನಿಯಂತ್ರಕರು ಹೇಳಿದರು. ಜಾಗ ಎಷ್ಟು ಇಕ್ಕಟ್ಟೆಂದರೆ ರೋಬಾಟ್ ಇಳಿಸಬೇಕಾಯಿತು. ಎಂಟು ಬೆಸುಗೆಗೆ ವರ್ಷಗಟ್ಟಲೆ ಕಾಯುವಾಗ ಇಡೀ ಯೋಜನೆಯ ಸಾಲ ಬೆಳೆಯುತ್ತಲೇ ಇರುತ್ತದೆ. ಅಮೆರಿಕದ ವೋಗಲ್ ಅಣು ಸ್ಥಾವರದ 3 ಮತ್ತು 4ನೇ ಘಟಕಗಳು ಸುಮಾರು ಏಳು ವರ್ಷ ತಡವಾಗಿ, 3,000 ಕೋಟಿ ಡಾಲರ್ ಮೀರಿ ಮುಗಿದವು. ವಿನ್ಯಾಸ ಪೂರ್ತಿಯಾಗುವ ಮೊದಲೇ ಕಟ್ಟಲು ಹೊರಟದ್ದು ಅಲ್ಲಿನ ಮುಖ್ಯ ತಪ್ಪು.

ಸೌರದ್ದು ಬೇರೆ ಕಥೆ. ಕಿಲೋವ್ಯಾಟ್‌ಗೆ 1,000 ಡಾಲರ್, 30 ವರ್ಷ, ಅದೇ ಶೇ. 7 ಬಡ್ಡಿ, ಶೇ. 20 ಬಳಕೆ (ವರ್ಷವಿಡೀ ಪೂರ್ತಿ ಸಾಮರ್ಥ್ಯದಲ್ಲಿ ಓಡಿದ್ದರೆ ಸಿಗುತ್ತಿದ್ದುದರ ಐದನೇ ಒಂದು ಪಾಲು) ಎಂದರೆ ಬಂಡವಾಳದ ಪಾಲು ಯೂನಿಟ್‌ಗೆ 4.6 ಸೆಂಟ್. ಒಂದೆರಡು ವರ್ಷದಲ್ಲಿ ಕಟ್ಟಿ ಮುಗಿಯುವುದರಿಂದ ಬಡ್ಡಿ ಬೆಳೆಯಲು ಪುರಸೊತ್ತೇ ಇಲ್ಲ. ಆದರೆ ಗ್ರಿಡ್‌ನಲ್ಲಿ ಪ್ಯಾನೆಲ್ ಹೆಚ್ಚಾದಂತೆ ಮಧ್ಯಾಹ್ನದ ವಿದ್ಯುತ್ತಿಗೆ ಗಿರಾಕಿ ಇಲ್ಲದೆ ಉತ್ಪಾದನೆ ಕಡಿತಗೊಳಿಸಬೇಕಾಗುತ್ತದೆ. ಬಳಕೆ ಶೇ. 15ಕ್ಕೆ ಇಳಿದರೆ ಅದೇ ಯೂನಿಟ್ 6.1 ಸೆಂಟ್.

ಇನ್ನು ಬ್ಯಾಟರಿ. ಒಂದು ಯೂನಿಟ್ ಹಿಡಿಸುವ ಸಾಮರ್ಥ್ಯಕ್ಕೆ 200 ಡಾಲರ್, 15 ವರ್ಷ ಬಾಳಿಕೆ, ಬಡ್ಡಿ ಅದೇ ಎಂದುಕೊಳ್ಳಿ. ವರ್ಷಕ್ಕೆ 330 ಸಲ ತುಂಬಿ ಖಾಲಿ ಮಾಡಿದರೆ ಯೂನಿಟ್‌ಗೆ 6.7 ಸೆಂಟ್ ಹೆಚ್ಚುವರಿ. 50 ಸಲ ಮಾತ್ರವಾದರೆ 44 ಸೆಂಟ್. ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಸಾಗಿಸಲು ಬ್ಯಾಟರಿ ಸರಿ. ಬಿಸಿಲೂ ಗಾಳಿಯೂ ಇಲ್ಲದ ವಾರಗಳಿಗೆ ಅಲ್ಲ. ಅಲ್ಲಿ ಜಲವಿದ್ಯುತ್, ದೂರದ ಪ್ರಸರಣ ಮಾರ್ಗ ಅಥವಾ ಅಣುವೇ ಬೇಕು.

ಹಾಗಾಗಿ ಈಗ ಹೂಡುವ ಹಣ ಮೊದಲು ಸೌರ, ಗಾಳಿ ಮತ್ತು ಸಂಜೆಯ ಬ್ಯಾಟರಿಗೆ ಹೋಗಲಿ ಎಂಬುದು ನನ್ನ ನಿಲುವು. ಅಣು ಕಟ್ಟುವುದಾದರೆ ಯುಎಇಯ ಬರಾಕ ಅಣು ಸ್ಥಾವರದಂತೆ ಒಂದೇ ವಿನ್ಯಾಸ, ಒಂದೇ ತಂಡ, ಸಾಲಾಗಿ ನಾಲ್ಕು ಘಟಕ. ಸಾಲ ತೀರಿ ಸುರಕ್ಷಿತವಾಗಿ ಓಡುತ್ತಿರುವ ಹಳೆಯ ರಿಯಾಕ್ಟರನ್ನಂತೂ ಅವಸರದಲ್ಲಿ ಮುಚ್ಚಬಾರದು. ಅದರ ಯೂನಿಟ್‌ನಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಇಂಧನ ಮತ್ತು ನಿರ್ವಹಣೆಯ ಖರ್ಚು.